ಬಾಗಿಲು ತಟ್ಟದ ಎಂ.ಪಿ.

ಐದಕ್ಕೆ ಹತ್ತು ನಿಮಿಷ ಇತ್ತು. ಒಲೆಯ ಗಾಜಿನ ಮೇಲೆ ಕೆಂಪಗೆ ಹೊಳೆಯುವ ಗಡಿಯಾರ 16.50 ತೋರಿಸುತ್ತಿತ್ತು. ನಾನು ಊಟದ ಮೇಜಿನ ಕುರ್ಚಿಯೊಂದನ್ನು ಎಳೆದುಕೊಂಡು, ಅದರ ಮೇಲೆ ಹತ್ತಿ, ಸೂರಿನಲ್ಲಿದ್ದ ಹೊಗೆ ಅಲಾರ್ಮಿಗೆ ಶವರ್ ಕ್ಯಾಪ್ ತೊಡಿಸಿದೆ. ಸ್ವೀಡನ್ನಿನಲ್ಲಿರುವ ನಮ್ಮವರಲ್ಲಿ ಸಾಸಿವೆ ಸಿಡಿಸುವ ಮೊದಲು ಹೀಗೆ ಮಾಡದವರು ಕಡಿಮೆ. ಮಾಡದಿದ್ದರೆ ಒಗ್ಗರಣೆಗೇ ಅದು ಇಡೀ ಕಟ್ಟಡ ಕೇಳುವಂತೆ ಕಿರುಚುತ್ತದೆ. ಆ ಹೊತ್ತಿಗೆ ಬಾಲ್ಕನಿಯಲ್ಲಿ ಬೆಂಕಿ ಹತ್ತಿತ್ತೋ ಇಲ್ಲವೋ, ಇವತ್ತಿಗೂ ನನಗೆ ಗೊತ್ತಿಲ್ಲ. ಎಷ್ಟು ಸಲ ಯೋಚಿಸಿದರೂ ಮನಸ್ಸು ಆ ಕುರ್ಚಿಯ ಹತ್ತಿರವೇ ಬಂದು ನಿಲ್ಲುತ್ತದೆ.

ಕಳೆದ ವಾರ ಚಳಿಗಾಲದ ಬಟ್ಟೆಗಳನ್ನು ಹೊರತೆಗೆಯುವಾಗ ಡಬ್ಬದ ತಳದಲ್ಲಿ ಬಿಳಿ ಹತ್ತಿಯ ಕೈಗವಸೊಂದು ಸಿಕ್ಕಿತು. ಬೆರಳ ಗೆಣ್ಣುಗಳು ಬರುವಲ್ಲಿ ನಾಲ್ಕು ಕಪ್ಪು ಕಲೆ. ಮೂಗಿಗೆ ಹಿಡಿದೆ. ವರ್ಷದ ಮೇಲಾಗಿದೆ, ಎರಡು ಸಲ ಒಗೆದಿದ್ದೇನೆ… ಆದರೂ ಹೊಗೆಯ ವಾಸನೆ ಹೋಗಿಲ್ಲ. ಅಥವಾ ಅದು ಕೈಗವಸಿನಲ್ಲಿಲ್ಲ, ನನ್ನ ಮೂಗಿನಲ್ಲೇ ಇದೆಯೇನೋ.

ಆ ಕೈಗವಸು ನಮ್ಮ ಕಟ್ಟಡದ ಮೇಲಿನ ಮಹಡಿಯಲ್ಲಿದ್ದ ಜಪಾನಿ ಹಿರಿಯರದು. ಅವರು ತಮ್ಮ ದೇಶದ ಸಂಸತ್ತಿನ ಕೆಳಮನೆಗೆ ಐದು ಸಲ ಗೆದ್ದಿದ್ದವರು. ಆರನೆಯ ಸಲ ಸೋತು, ಹೆಂಡತಿಯನ್ನೂ ಕಳೆದುಕೊಂಡು, ಎಪ್ಪತ್ತೊಂದನೆಯ ವಯಸ್ಸಿನಲ್ಲಿ ಉಮೆಯೊ ವಿಶ್ವವಿದ್ಯಾಲಯದ ರಾಜ್ಯಶಾಸ್ತ್ರ ವಿಭಾಗಕ್ಕೆ ಎರಡು ವರ್ಷದ ಅತಿಥಿಯಾಗಿ ಬಂದಿದ್ದರು. ಸ್ವೀಡನ್ನಿನ ಚುನಾವಣೆಯನ್ನು ಹತ್ತಿರದಿಂದ ನೋಡಿ ಒಂದು ಪುಸ್ತಕ ಬರೆಯಬೇಕೆಂಬುದು ಅವರ ಆಸೆ. ನಾನು ಅದೇ ಊರಿನಲ್ಲಿ ಸಸ್ಯವಿಜ್ಞಾನದಲ್ಲಿ ಪಿಎಚ್.ಡಿ. ಮುಗಿಸಿ ಅಲ್ಲಿನ ಲ್ಯಾಬಿನಲ್ಲೇ ಕೆಲಸ ಹಿಡಿದಿದ್ದೆ. ನನ್ನ ಗಂಡನ ಕೆಲಸ ಲುಲೆಯೊದ ಡೇಟಾ ಸೆಂಟರಿನಲ್ಲಿ. ವಾರಕ್ಕೊಮ್ಮೆ ಬಂದು ಹೋಗುತ್ತಿದ್ದರು. ಹಾಗಾಗಿ ಮನೆಯಲ್ಲಿ ಹೆಚ್ಚಾಗಿ ನಾನು ಮತ್ತು ನಾಲ್ಕು ವರ್ಷದ ಮಗಳು. ಅವಳು ಆ ಹಿರಿಯರನ್ನು ತಾತ ಎನ್ನುತ್ತಿದ್ದಳು. ನಾನೂ ನನ್ನ ಗಂಡನೂ ನಮ್ಮೊಳಗೆ ಎಂ.ಪಿ. ತಾತ ಎನ್ನುತ್ತಿದ್ದೆವು.

ಪರಿಚಯವಾದದ್ದು ಒಂದು ಕಾಲುಚೀಲದಿಂದ. ನೆಲಮಾಳಿಗೆಯ ಬಟ್ಟೆ ಒಗೆಯುವ ಕೋಣೆಯಲ್ಲಿ ಮಗಳ ಕಾಲುಚೀಲ ಮರೆತು ಬಂದಿದ್ದೆ. ಕಸ ಹಾಕಲೆಂದು ಬಾಗಿಲು ತೆರೆದರೆ ಎದುರಿಗೆ ಇವರು, ಎರಡೂ ಅಂಗೈ ಮೇಲೆ ಆ ಪುಟ್ಟ ಕಾಲುಚೀಲ ಇಟ್ಟುಕೊಂಡು ನಿಂತಿದ್ದಾರೆ! ಸೊಂಟದವರೆಗೆ ಬಗ್ಗಿ ನಮಸ್ಕರಿಸಿದರು.

"ಎಷ್ಟು ಹೊತ್ತಿನಿಂದ ನಿಂತಿದ್ದೀರಿ ಸರ್?" ಎಂದು ಕೇಳಿದೆ.

"ಸ್ವಲ್ಪ ಹೊತ್ತು. ಹತ್ತು ನಿಮಿಷ."

"ಬಾಗಿಲು ತಟ್ಟಬಾರದಿತ್ತೆ?"

ಅವರು ಬಾಗಿಲನ್ನೊಮ್ಮೆ, ನನ್ನನ್ನೊಮ್ಮೆ ನೋಡಿದರು. "ಅಭ್ಯಾಸವಿಲ್ಲ" ಎಂದರು.

ನಾವಿಬ್ಬರೂ ಮಾತಾಡುತ್ತಿದ್ದದ್ದು ಇಂಗ್ಲಿಷಿನಲ್ಲಿ, ನಡುವೆ ಇಬ್ಬರಿಗೂ ಬರುವಷ್ಟು ಸ್ವೀಡಿಷ್. ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಬಾಗಿಲಿನ ಕಥೆ ತಿಳಿದದ್ದು ಆಮೇಲೆ. ಅವರ ದೇಶದಲ್ಲಿ ಅಭ್ಯರ್ಥಿಯಾಗಲಿ ಅವನ ಕಡೆಯವರಾಗಲಿ ಓಟು ಕೇಳಲು ಮನೆ ಮನೆಗೆ ಹೋಗುವಂತಿಲ್ಲ. ಕಾನೂನೇ ಹಾಗಿದೆ. ಮನೆಯೊಳಗೆ ಕೂತು ಏನು ಮಾತಾಡಿದರು, ಏನು ಕೊಟ್ಟರು ಎಂದು ಯಾರಿಗೆ ಗೊತ್ತಾಗುತ್ತದೆ ಎಂಬ ಭಯವಂತೆ. ಹಾಗಾಗಿ ಎಲ್ಲವೂ ಬೀದಿಯಲ್ಲೇ. ಇವರು ಇಪ್ಪತ್ತು ವರ್ಷ ದಿನಾ ಬೆಳಗ್ಗೆ ಆರೂವರೆಗೆ ತಮ್ಮ ಊರಿನ ರೈಲು ನಿಲ್ದಾಣದ ಮುಂದೆ ನಿಂತು, ಕೆಲಸಕ್ಕೆ ಓಡುವವರಿಗೆಲ್ಲ ಬಗ್ಗಿ ನಮಸ್ಕರಿಸಿದವರು. ಹೆಚ್ಚಿನವರು ತಲೆ ಎತ್ತಿಯೂ ನೋಡುತ್ತಿರಲಿಲ್ಲ. ಚುನಾವಣೆ ಬಂದರೆ ಧ್ವನಿವರ್ಧಕದ ವ್ಯಾನು, ದೂರಕ್ಕೂ ಕೈ ಕಾಣಲಿ ಎಂದು ಬಿಳಿ ಕೈಗವಸು, ಹನ್ನೆರಡು ದಿನ ಬಿಡದೆ ತಮ್ಮದೇ ಹೆಸರು, 'ದಯವಿಟ್ಟು, ದಯವಿಟ್ಟು'. ಸೋತ ಮರುದಿನವೂ ನಿಲ್ದಾಣದ ಮುಂದೆ ನಿಂತಿದ್ದರಂತೆ, ಕ್ಷಮಿಸಿ ಎನ್ನಲು.

"ಯಾರಾದರೂ ಏನಾದರೂ ಅಂದರಾ?"

"ಒಬ್ಬಾಕೆ ನನ್ನ ಕೈಗೆ ಕೊಡೆ ಕೊಟ್ಟು ಹೋದಳು. ಮಳೆ ಬರುತ್ತಿತ್ತು."

ನಾನು ನಮ್ಮ ಕಡೆಯ ಕಥೆ ಹೇಳಿದೆ. ನಮ್ಮಪ್ಪ ಹೈಸ್ಕೂಲು ಮೇಷ್ಟ್ರು. ಪ್ರತಿ ಚುನಾವಣೆಗೂ ಮತಗಟ್ಟೆಯ ಡ್ಯೂಟಿ. ನಮ್ಮ ಬೀದಿಗೆ ಅಭ್ಯರ್ಥಿ ಬಂದರೆ ಬಾಗಿಲು ತಟ್ಟುವುದಿರಲಿ, ನೇರ ಅಡುಗೆಮನೆಗೇ ಬಂದು 'ಅಕ್ಕಾ, ಕಾಫಿ ಘಮ್ ಅಂತಿದೆ' ಎಂದು ಸ್ಟೂಲೆಳೆದು ಕೂರುತ್ತಿದ್ದ. ತೊಟ್ಟಿಲಿನ ಮಗುವನ್ನು ಎತ್ತಿಕೊಳ್ಳದೆ ಹೋದರೆ ಅಜ್ಜಿಗೆ ಕೋಪ. "ನಮ್ಮಲ್ಲಿ ಬಾಗಿಲು ತಟ್ಟದವನಿಗೆ ಯಾರೂ ಓಟು ಹಾಕಲ್ಲ ಸರ್" ಎಂದೆ. ಅವರು ಬಾಯಿಗೆ ಕೈ ಅಡ್ಡ ಹಿಡಿದು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಅಪರಾಧ, ಅಪರಾಧ ಎಂದು ತಲೆ ಆಡಿಸಿದರು.

ಅಂದು ಅವರು ಅಷ್ಟು ನಕ್ಕದ್ದು ಯಾಕೆಂದು… ಆಗ ನನಗೆ ತಿಳಿಯಲಿಲ್ಲ.

2018ರ ಬೇಸಿಗೆ ವಿಪರೀತ ಒಣಗಿತ್ತು. ದೇಶದಲ್ಲಿ ಅಲ್ಲಲ್ಲಿ ಕಾಡು ಹತ್ತಿ ಉರಿದು, ಹೊರಗೆ ಬೆಂಕಿ ಹಚ್ಚುವುದನ್ನೇ ನಿಷೇಧಿಸಿದ್ದರು. ಜೂನಿನಲ್ಲಿ ನಾನು ಅಂಗಡಿಯಿಂದ ಒಂದು ಸಲ ಬಳಸಿ ಎಸೆಯುವ ಇದ್ದಿಲ ಗ್ರಿಲ್ ತಂದಿದ್ದೆ. ಅಲ್ಯೂಮಿನಿಯಂ ತಟ್ಟೆ, ಅದರಲ್ಲಿ ಇದ್ದಿಲು, ಮೇಲೊಂದು ಜಾಲರಿ. ನದಿಯ ದಡಕ್ಕೆ ಒಯ್ಯೋಣ ಎಂದುಕೊಂಡದ್ದು ನಿಷೇಧದಿಂದ ಹಾಗೆಯೇ ಉಳಿಯಿತು. ಸೆಪ್ಟೆಂಬರಿನಲ್ಲಿ ನಿಷೇಧ ತೆಗೆದರು, ಮಳೆಯೂ ಬಂತು.

ಸೆಪ್ಟೆಂಬರಿನ ಆ ಭಾನುವಾರ ಚುನಾವಣೆ. ಮೂರು ವರ್ಷದ ಮೇಲೆ ಇಲ್ಲಿ ವಾಸವಿದ್ದರೆ ನಮ್ಮಂಥವರೂ ನಗರಸಭೆಗೆ ಓಟು ಹಾಕಬಹುದು. ಅಂಚೆಯಲ್ಲಿ ಬಂದ ಮತದಾರರ ಚೀಟಿಯನ್ನು ಫ್ರಿಜ್ಜಿನ ಬಾಗಿಲಿಗೆ ಆಯಸ್ಕಾಂತದಿಂದ ಅಂಟಿಸಿದ್ದೆ. ಊರಲ್ಲಿದ್ದಾಗ ಎರಡು ಸಲ ಹಾಕಿದ್ದೇನೆ. ಇಲ್ಲಿ ಇದು ಮೊದಲು. ಎಂ.ಪಿ. ತಾತನಿಗೆ ಓಟಿರಲಿಲ್ಲ, ಆದರೆ ನನಗಿಂತ ಹೆಚ್ಚು ಸಂಭ್ರಮ. ನಮ್ಮಲ್ಲಿ ಊಟ ಮಾಡಿ ಆರು ಗಂಟೆಗೆ ನನ್ನ ಜೊತೆ ಮತಗಟ್ಟೆಗೆ ಬರುವುದೆಂದು ಮಾತಾಗಿತ್ತು. ಕಪ್ಪು ಕೋಟು ಹಾಕಿ ಬಂದಿದ್ದರು. ಕೋಟಿನ ಜೇಬಿನಲ್ಲಿ ಬಿಳಿ ಕೈಗವಸು.

"ಇದ್ಯಾಕೆ ಸರ್?"

"ಚುನಾವಣೆಯ ದಿನ ಜೇಬು ಖಾಲಿ ಇದ್ದರೆ ಕೈ ನಡುಗುತ್ತದೆ" ಎಂದರು.

ಅವರಿಗೆ ಸುಟ್ಟ ಬದನೆಕಾಯಿ ಗೊಜ್ಜು ಎಂದರೆ ಪ್ರಾಣ. ಅವರಲ್ಲೂ ಬದನೆಕಾಯಿ ಸುಡುತ್ತಾರಂತೆ. ಕರೆಂಟಿನ ಒಲೆಯಲ್ಲಿ ಅದು ಸುಡುವುದಿಲ್ಲ, ಬೇಯುತ್ತದೆ. ಹಾಗಾಗಿ ಮಧ್ಯಾಹ್ನ ಮೂರರ ಹೊತ್ತಿಗೆ ಆ ಉಳಿದಿದ್ದ ಗ್ರಿಲ್ ಅನ್ನು ಬಾಲ್ಕನಿಯಲ್ಲಿ ಹಚ್ಚಿ ಮೂರು ಬದನೆಕಾಯಿ ಸುಟ್ಟೆ. ಆಮೇಲೆ ಇದ್ದಿಲ ಮೇಲೆ ಒಂದು ಲೋಟ ನೀರು ಹಾಕಿದೆ. ಒಂದೇ ಲೋಟ. ಚುಸ್ ಎಂದಿತು, ಬೂದಿ ಹಾರಿತು, ಆರಿತು ಎಂದುಕೊಂಡೆ. ಲೋಹದ ಕಸ ಬೇರೆ ಹಾಕಬೇಕಲ್ಲ. ಅಚ್ಚುಕಟ್ಟಾಗಿ ತಟ್ಟೆಯನ್ನು ಕಾಗದದ ಚೀಲಕ್ಕೆ ಸೇರಿಸಿ, ಬಾಲ್ಕನಿಯ ಮೂಲೆಯಲ್ಲಿ, ಕೂರುವ ಮೆತ್ತೆಗಳ ಪಕ್ಕ ಇಟ್ಟೆ. ಅವರು ಬಂದದ್ದು ನಾಲ್ಕೂವರೆಗೆ. ಗ್ರಿಲ್ಲನ್ನು ಅವರು ಕಣ್ಣಿಂದಲೂ ನೋಡಿರಲಿಲ್ಲ. ಇದನ್ನು ಇಲ್ಲೇ ಬರೆದಿಡಬೇಕು.

ಸಾಸಿವೆ ಸಿಡಿಯಿತು. ಇಂಗು, ಒಣಮೆಣಸು, ಕರಿಬೇವು. ಅವರು ಸಿಂಕಿನ ಹತ್ತಿರ ಬದನೆಕಾಯಿಯ ಕರಿ ಸಿಪ್ಪೆ ಬಿಡಿಸುತ್ತಿದ್ದರು. ನಡುಮನೆಯಲ್ಲಿ ಚಿತ್ರ ಬರೆಯುತ್ತಿದ್ದ ಮಗಳು ಕೂಗಿದಳು: "ಅಮ್ಮಾ, ದೆ ರ್ಯೂಕರ್!" ಹೊಗೆ ಬರ್ತಿದೆ ಎಂದು.

"ಒಗ್ಗರಣೆ ಕಣೆ ಪುಟ್ಟಿ, ಸುಮ್ನೆ ಬರಿ" ಎಂದೆ.

ಈ ಮಾತನ್ನೇ ನಾನು ಎಷ್ಟು ಸಲ ಮತ್ತೆ ಕೇಳಿಸಿಕೊಂಡಿದ್ದೇನೋ! ಅವಳು ಎರಡನೆಯ ಸಲ ಕೂಗಲಿಲ್ಲ. ಅಮ್ಮ ಹೇಳಿದಳಲ್ಲ, ಸುಮ್ಮನೆ ಬರೆಯುತ್ತಿದ್ದಳು. ಎದ್ದು ಹೋಗಿ ನೋಡಿದ್ದು ಎಂ.ಪಿ. ತಾತ. ಅವರು ಕರೆದ ದನಿಗೆ ನಾನು ಓಡಿದೆ. ಬಾಲ್ಕನಿಯ ಗಾಜಿನಾಚೆ ಎಲ್ಲವೂ ಕಿತ್ತಳೆ ಬಣ್ಣ. ಮೆತ್ತೆಗಳು ಹತ್ತಿಕೊಂಡಿದ್ದವು, ಮರದ ಗೋಡೆ ಹತ್ತಿಕೊಂಡಿತ್ತು, ಉರಿ ಮೇಲಿನ ಮನೆಯ ಬಾಲ್ಕನಿಯ ತಳವನ್ನು ನೆಕ್ಕುತ್ತಿತ್ತು. ನಮ್ಮದು ಮರದ ಕಟ್ಟಡ. ಮೂರು ಅಂತಸ್ತು, ಆರು ಮನೆ. ನಾನು ನೀರಿನ ಪಾತ್ರೆ ಹಿಡಿದು ಬಾಲ್ಕನಿಯ ಬಾಗಿಲಿಗೆ ಕೈ ಹಾಕಿದೆ. ಅವರು ನನ್ನ ಮಣಿಕಟ್ಟನ್ನು ಎಷ್ಟು ಗಟ್ಟಿಯಾಗಿ ಹಿಡಿದರೆಂದರೆ ಎರಡು ದಿನ ಗುರುತಿತ್ತು.

"ಬಾಗಿಲು ತೆರೆಯಬೇಡಿ. ಮಗು, ಫೋನು, ಹೊರಗೆ. ಈಗ."

ಅದುವರೆಗೆ ಅವರು ನನಗೆ ಆಜ್ಞೆ ಮಾಡಿರಲಿಲ್ಲ. ಮಗಳನ್ನು ಎತ್ತಿಕೊಂಡು ಓಡುವಾಗ ತಿರುಗಿ ನೋಡಿದರೆ, ಅವರು ಅಡುಗೆಮನೆಯ ಆ ಕುರ್ಚಿಯ ಮೇಲೆ ಹತ್ತಿದ್ದಾರೆ. ಇವರಿಗೆ ತಲೆ ಕೆಟ್ಟಿತೇ ಎನಿಸಿತು. ಅಲಾರ್ಮಿನ ಮೇಲಿದ್ದ ಶವರ್ ಕ್ಯಾಪ್ ಕಿತ್ತರು. ಅದು ಕಿವಿ ಸೀಳುವಂತೆ ಕಿರುಚತೊಡಗಿತು. ಕ್ಯಾಪನ್ನು ಜೇಬಿಗೆ ತುರುಕಿ, ಅದೇ ಜೇಬಿನಿಂದ ಕೈಗವಸು ತೆಗೆದು ತೊಟ್ಟು, ಮೆಟ್ಟಿಲು ಹತ್ತಿದರು. ಕೆಳಕ್ಕಲ್ಲ, ಮೇಲಕ್ಕೆ.

ಅಂಗಳದಲ್ಲಿ ನಾನು ಬರಿಗಾಲಲ್ಲಿ ನಿಂತಿದ್ದೆ. ಸೊಂಟದ ಮೇಲೆ ಮಗಳು, ಕಿವಿಗೆ ಫೋನು. 112ರವರು ಬರುತ್ತಿದ್ದೇವೆ, ಕರೆ ಕತ್ತರಿಸಬೇಡಿ ಎಂದರು. ಕೆಳಗಿನ ಮಹಡಿಯ ಬಸ್ ಚಾಲಕ ಬನಿಯನ್ನಿನಲ್ಲೇ ಹೊರಗೆ ಬಂದ. ಉಳಿದವರೂ ಒಬ್ಬೊಬ್ಬರೇ ಬಂದರು, ಎಲ್ಲರೂ ಅದೇ ಮಾತು: ಮೇಲೆ ಯಾರೋ ಬಾಗಿಲು ಗುದ್ದುತ್ತಿದ್ದ, ಯಾರೋ ಕೂಗುತ್ತಿದ್ದ. ನನಗೂ ಕೇಳುತ್ತಿತ್ತು. ಮೆಟ್ಟಿಲಿನ ಕಿಟಕಿಯಿಂದ ಅವರ ದನಿ, ಜಪಾನಿ ಭಾಷೆಯಲ್ಲಿ, ಅದೇ ನಾಲ್ಕೈದು ಶಬ್ದಗಳು ಮತ್ತೆ ಮತ್ತೆ. ಅಷ್ಟು ಸಣ್ಣ ದೇಹದಲ್ಲಿ ಅಷ್ಟು ದೊಡ್ಡ ದನಿ ಇತ್ತೆಂದು ನನಗೆ ಗೊತ್ತಿರಲಿಲ್ಲ. ಏನು ಕೂಗಿದಿರಿ ಎಂದು ಆಮೇಲೆ ಕೇಳಿದ್ದಕ್ಕೆ ನಾಚಿಕೊಂಡರು. ಸ್ವೀಡಿಷಿನಲ್ಲಿ ಬೆಂಕಿಗೆ ಏನೆನ್ನುತ್ತಾರೆ ಎಂಬುದೇ ಮರೆತುಹೋಯಿತಂತೆ. ಬಾಯಿಗೆ ಬಂದದ್ದು ತಮ್ಮದೇ ಹೆಸರು, ಆಮೇಲೆ 'ದಯವಿಟ್ಟು, ದಯವಿಟ್ಟು'.

ಬರದೆ ಉಳಿದದ್ದು ಒಬ್ಬರೇ. ನಮ್ಮ ನೇರ ಮೇಲಿನ ಮನೆಯ ಮುದುಕಿ. ಎಂಬತ್ತು ದಾಟಿದವರು, ಮಧ್ಯಾಹ್ನ ಮಲಗುವಾಗ ಕಿವಿಯ ಯಂತ್ರ ತೆಗೆದಿಡುವವರು. ಅವರ ಅಡುಗೆಮನೆಯ ಕಿಟಕಿಯ ಗಾಜು ಒಡೆದು ನಮ್ಮ ಮುಂದೆ ಬಿತ್ತು. ಆ ದನಿ ನಿಂತಿತು. ನಾನು ಫೋನಿನ ಪರದೆಯನ್ನೇ ನೋಡುತ್ತಿದ್ದೆ. ಕರೆಯ ಅವಧಿ ಏಳು ನಿಮಿಷ. ಎಂಟು. ಮಗಳು ನನ್ನ ಕಿವಿಯಲ್ಲಿ "ತಾತ ಎಲ್ಲಿ? ತಾತ ಎಲ್ಲಿ?" ಎನ್ನುತ್ತಿದ್ದಳು. ನಾನು ಕೊಂದೆ ಎಂದುಕೊಂಡೆ. ಒಂದು ಲೋಟ ನೀರು ಸಾಕು ಎಂದು ಇಬ್ಬರನ್ನು ಕೊಂದೆ…

ಒಂಬತ್ತು ನಿಮಿಷ ಹನ್ನೆರಡು ಸೆಕೆಂಡಿಗೆ ಇಬ್ಬರೂ ಹೊರಗೆ ಬಂದರು. ಮುದುಕಿ ಉಣ್ಣೆಯ ಕಾಲುಚೀಲದಲ್ಲಿ, ಇವರು ಅವರ ತೋಳು ಹಿಡಿದು, ಕೆಮ್ಮುತ್ತಾ. ಅಗ್ನಿಶಾಮಕದವರ ವಾಹನ ಆಗ ತಾನೇ ಬೀದಿಗೆ ತಿರುಗುತ್ತಿತ್ತು.

ಮುದುಕಿ ಆಮೇಲೆ ಎಲ್ಲರಿಗೂ ಹೇಳಿಕೊಂಡು ನಕ್ಕರು. ಗುದ್ದಿದ ಅದುರುವಿಕೆಗೆ ಎಚ್ಚರವಾಗಿ, ಕನ್ನಡಕವಿಲ್ಲದೆ ಬಾಗಿಲ ಕಿಂಡಿಯಿಂದ ನೋಡಿದರೆ ಕಪ್ಪು ಕೋಟು, ಬಿಳಿ ಕೈಗವಸಿನ ಒಬ್ಬ ಮನುಷ್ಯ. "ಯಾವುದೋ ಪಾರ್ಟಿಯವನು ಅಂದ್ಕೊಂಡೆ. ನಾನು ಬೆಳಗ್ಗೆಯೇ ಓಟು ಹಾಕಿ ಬಂದಿದ್ದೆ, ತೆರೆಯೋದು ಬೇಡ ಅಂತ ಹಿಂದೆ ತಿರುಗಿದೆ. ಯಾಕೋ ಇನ್ನೊಂದು ಸಲ ನೋಡಿದರೆ ಅವನು ಕಿಂಡಿಯ ಕಡೆಗೆ ಬಗ್ಗಿ ನಮಸ್ಕಾರ ಮಾಡ್ತಾ ಇದ್ದಾನೆ! ಅವನು ಬಗ್ಗಿದಾಗ ಅವನ ಬೆನ್ನ ಹಿಂದಿನ ಹೊಗೆ ಕಂಡಿತು."

ನಗು ಆಮೇಲಿನದು. ಅಂದು ಅಂಗಳದಲ್ಲಿ ಪೊಲೀಸ್ ಅಧಿಕಾರಿಯೊಬ್ಬಳು ಬಂದಳು, ಮೃದುವಾದ ಮಾತಿನ ಹೆಣ್ಣುಮಗಳು. ಮೂಲೆಯಲ್ಲಿ ಕಾಗದದ ಚೀಲದಲ್ಲಿ ಗ್ರಿಲ್ ಸಿಕ್ಕಿದೆ, ಅಲ್ಲಿಟ್ಟವರು ಯಾರು ಎಂದು ಕೇಳಿದಳು.

ನಾನು ಬಾಯಿ ತೆರೆದಿದ್ದೆ. ಅದಂತೂ ಸತ್ಯ.

ಆಂಬುಲೆನ್ಸಿನ ಹಿಂಬದಿಯಲ್ಲಿ ಕಂಬಳಿ ಹೊದ್ದು ಕೂತಿದ್ದ ಎಂ.ಪಿ. ತಾತ ಮುಖದ ಆಮ್ಲಜನಕದ ಮುಸುಕು ಸರಿಸಿ, "ಯಾಗ್" ಎಂದರು. ನಾನು ಎಂದು. ಆಮೇಲೆ ನಿಧಾನವಾಗಿ, ತಪ್ಪಿಲ್ಲದ ಸ್ವೀಡಿಷಿನಲ್ಲಿ: "ನಾನು ಅತಿಥಿಯಾಗಿ ಬಂದಿದ್ದೆ. ಸಹಾಯ ಮಾಡಲು ಹೋಗಿ ನಾನೇ ಅಲ್ಲಿಟ್ಟೆ. ಮನೆಯವರಿಗೆ ಗೊತ್ತಿಲ್ಲ."

ಅಧಿಕಾರಿ ನನ್ನ ಕಡೆ ನೋಡಿದಳು. ನಾನು ಮಗಳ ಬರಿಗಾಲನ್ನು ನೋಡಿದೆ. ಅದು ತಣ್ಣಗಾಗಿತ್ತು, ಅಂಗೈಯಲ್ಲಿ ಹಿಡಿದು ಉಜ್ಜಿದೆ. ಅಷ್ಟರಲ್ಲಿ ಅವಳು ಬರೆದುಕೊಂಡಾಗಿತ್ತು.

ಯಾಕೆ ಸುಮ್ಮನಾದೆ? ನಮ್ಮ ಮೂವರ ಕಾಯಂ ವಾಸದ, ಅಂದರೆ ಪಿಆರ್‌ನ, ಅರ್ಜಿ ವಲಸೆ ಕಚೇರಿಯಲ್ಲಿತ್ತು. ನನ್ನ ನಾಲ್ಕು ವರ್ಷದ ಪಿಎಚ್.ಡಿ. ಆಧಾರದ ಮೇಲೆ ಹಾಕಿದ್ದು. ಅಲಕ್ಷ್ಯದಿಂದ ಬೆಂಕಿ ಹಚ್ಚಿ ಬೇರೆಯವರ ಪ್ರಾಣಕ್ಕೆ ಅಪಾಯ ತಂದದ್ದು ಇಲ್ಲಿ ಅಪರಾಧ. ಹಾಗೊಂದು ಕೇಸು ಅರ್ಜಿದಾರಳ ಮೇಲೆ ಬಿದ್ದರೆ ಅರ್ಜಿಯ ಗತಿ ಏನು? ಇದೆಲ್ಲ ಎಂ.ಪಿ. ತಾತನಿಗೆ ನಾನೇ ಹೇಳಿದ್ದೆ, ದಿನಾ ಅಂಚೆಪೆಟ್ಟಿಗೆ ನೋಡುವುದನ್ನೂ ಹೇಳಿ ನಕ್ಕಿದ್ದೆ.

ರಾತ್ರಿಯೇ ಲುಲೆಯೊದಿಂದ ಬಂದ ಗಂಡನಿಗೆ ಎಲ್ಲ ಹೇಳಿದೆ. ಅವರು ತುಂಬಾ ಹೊತ್ತು ಮಗಳ ತಲೆ ಸವರುತ್ತಾ ಕೂತಿದ್ದರು.

"ನೋಡು, ಅವ್ರು ದೊಡ್ಡೋರು, ಎಂ.ಪಿ. ಆಗಿದ್ದೋರು. ಅವ್ರನ್ನ ಯಾರೂ ಏನೂ ಮಾಡಲ್ಲ. ನಮ್ ಕಥೆ ಹಾಗಲ್ಲ. ಪಿಆರ್ ಬರೋವರ್ಗೂ ಸುಮ್ನಿದ್ಬಿಡು."

"ಅವ್ರು ಸುಳ್ಳು ಹೇಳಿದ್ರು ರೀ."

"ನೀನ್ ಹೇಳ್ಲಿಲ್ವಲ್ಲ."

ಅದೇ. ನಾನು ಸುಳ್ಳು ಹೇಳಲಿಲ್ಲ.

ಅಂದಿನಿಂದ ನಿದ್ದೆ ಹೋಯಿತು. ವಸತಿ ಕಂಪನಿಯವರು ಊರಿನ ಇನ್ನೊಂದು ಬದಿಯಲ್ಲಿ ತಾತ್ಕಾಲಿಕವಾಗಿ ಮನೆ ಕೊಟ್ಟಿದ್ದರು. ಅಲ್ಲಿ ಕಣ್ಣು ಮುಚ್ಚಿದರೆ ಕಿತ್ತಳೆ ಬಣ್ಣ. ಎದ್ದು ಒಲೆ ಮುಟ್ಟಿ ನೋಡುವುದು, ಪ್ಲಗ್ಗು ಕೀಳುವುದು, ಮಗಳ ಮೂಗಿನ ಹತ್ತಿರ ಬೆರಳು ಹಿಡಿಯುವುದು, ಮತ್ತೆ ಬಂದು ಮಲಗುವುದು, ಮತ್ತೆ ಏಳುವುದು. ಲ್ಯಾಬಿನಲ್ಲಿ ಫೀಕಾ ಎನ್ನುವ ಕಾಫಿ ವಿರಾಮಕ್ಕೆ ಕೂತರೆ ಎಲ್ಲರೂ ಅದೇ ಮಾತು: ಪಾಪ, ಆ ಮುದುಕನಿಗೆ ಇಲ್ಲಿನ ಗ್ರಿಲ್ ಗೊತ್ತಿರಲಿಲ್ಲವೇನೋ. ನಾನು ಹೌದೆನ್ನಲೂ ಇಲ್ಲ, ಅಲ್ಲವೆನ್ನಲೂ ಇಲ್ಲ. ಲೋಟ ತೊಳೆಯಲು ಏಳುತ್ತಿದ್ದೆ. ಅಷ್ಟರಲ್ಲಿ ಸುದ್ದಿ ಬಂತು. ಕೇಸು ಅವರ ಮೇಲೆ ದಾಖಲಾಗಿದೆ, ವಿಭಾಗದವರು ಅವರ ಅವಧಿಯನ್ನು ಮೊಟಕುಗೊಳಿಸಿ ಡಿಸೆಂಬರಿನಲ್ಲೇ ವಾಪಸು ಕಳಿಸುವ ಮಾತಾಡುತ್ತಿದ್ದಾರೆ. ಪುಸ್ತಕದ ಟಿಪ್ಪಣಿಗಳು ಹೇಗೂ ಅಗ್ನಿಶಾಮಕದವರ ನೀರಿಗೆ ನೆನೆದುಹೋಗಿದ್ದವು.

ಹದಿನೈದು ದಿನದ ಮೇಲೆ ಅವರನ್ನು ನೋಡಲು ವಿಶ್ವವಿದ್ಯಾಲಯದ ಅತಿಥಿಗೃಹಕ್ಕೆ ಹೋದೆ. ಬಲಗೈ ಗೆಣ್ಣುಗಳಿಗೆ ಪಟ್ಟಿ ಕಟ್ಟಿತ್ತು. ನನ್ನ ಕ್ಷಮೆ ಗಿಮೆಗಳನ್ನು ಕೈಬೀಸಿ ತಳ್ಳಿಹಾಕಿ ಚಹಾ ಮಾಡಿದರು. ಆಮೇಲೆ, ನಾನು ಕೇಳದೆಯೇ, ತಮ್ಮ ಮೂರನೆಯ ಚುನಾವಣೆಯ ಕಥೆ ಹೇಳಿದರು. ಅದೊಂದನ್ನು ಅವರು ಅದುವರೆಗೆ ಹೇಳಿರಲಿಲ್ಲ.

ಆ ಸಲ ಸೋಲು ಎದುರಿಗೆ ಕಾಣುತ್ತಿತ್ತು. ಅವರ ಊರಿನಲ್ಲಿ ಒಬ್ಬ ನಿವೃತ್ತ ಪೋಸ್ಟ್ ಮಾಸ್ಟರ್ ಇದ್ದರು, ಇವರ ತಂದೆಯ ಗೆಳೆಯ. ಎಲ್ಲ ಮನೆಯೂ ಅವರಿಗೆ ಗೊತ್ತು. ಒಂದು ಸಂಜೆ ಇವರು ಅವರನ್ನು ಕರೆದು, "ಜನ ಏನಂತಾರೆ, ಸುಮ್ಮನೆ ಹೋಗಿ ನೋಡಿ ಬನ್ನಿ" ಎಂದರು. ಅಷ್ಟೇ ಹೇಳಿದ್ದು. ಅದರ ಅರ್ಥ ಇಬ್ಬರಿಗೂ ಗೊತ್ತಿತ್ತು. ಪೋಸ್ಟ್ ಮಾಸ್ಟರ್ ನಾಲ್ಕು ದಿನ ಮನೆ ಮನೆಯ ಬಾಗಿಲು ತಟ್ಟಿದರು. ಇವರು ಗೆದ್ದರು. ಪೊಲೀಸರು ಬಂದರು. ಇವರು ಹೇಳಿದರು: ಅವರಿಗೂ ನಮ್ಮ ಕಚೇರಿಗೂ ಸಂಬಂಧವಿಲ್ಲ, ಉತ್ಸಾಹದಲ್ಲಿ ತಾವೇ ಹೋಗಿದ್ದಾರೆ, ನನಗೆ ತಿಳಿದಿರಲಿಲ್ಲ. ಪೋಸ್ಟ್ ಮಾಸ್ಟರ್ ಹೌದೆಂದರು. ಶಿಕ್ಷೆಯಾಗಿ ಅವರ ಮತದಾನದ ಹಕ್ಕನ್ನು ಐದು ವರ್ಷ ಕಿತ್ತುಕೊಂಡರು. ಇಪ್ಪತ್ತು ತುಂಬಿದಂದಿನಿಂದ ಒಂದೂ ಓಟು ತಪ್ಪಿಸದ ಮನುಷ್ಯ ನಾಲ್ಕನೆಯ ವರ್ಷದಲ್ಲಿ ತೀರಿಕೊಂಡರು.

"ನಾನು ಮತ್ತೆರಡು ಸಲ ಗೆದ್ದೆ" ಎಂದರು. "ನಿಮ್ಮ ಫ್ರಿಜ್ಜಿನ ಮೇಲಿನ ಚೀಟಿ ನೋಡಿದಾಗಲೆಲ್ಲ ಅವರ ನೆನಪಾಗುತ್ತಿತ್ತು. ಈಗ ಒಂದು ಮಾತು ಹೇಳಿದೆ, ಲೆಕ್ಕ ಸರಿಹೋಯಿತು. ನೀವು ಸುಮ್ಮನಿರಿ."

ನಾನು ಚಹಾದ ಬಟ್ಟಲು ಹಿಡಿದುಕೊಂಡು ಕೂತಿದ್ದೆ. ಬೇರೇನೂ ತೋಚದೆ ಕೇಳಿದೆ: "ಆ ನಾಲ್ಕು ವರ್ಷ ಅವರಿಗೆ ನಿದ್ದೆ ಬರುತ್ತಿತ್ತಾ?"

"ಪೋಸ್ಟ್ ಮಾಸ್ಟರಿಗೆ?" ಅವರು ಸ್ವಲ್ಪ ಯೋಚಿಸಿದರು. "ಚೆನ್ನಾಗಿ ಬರುತ್ತಿತ್ತು. ಅವರ ಹೆಂಡತಿ ಹೇಳಿದ್ದಳು. ಗೊರಕೆ ಹೊಡೆಯುತ್ತಿದ್ದರಂತೆ."

"ನಿಮಗೆ?"

ಅವರು ನನ್ನ ಮುಖ ನೋಡಿದರು. ನನ್ನ ಕಣ್ಣ ಕೆಳಗಿನ ಕಪ್ಪನ್ನು ಆಗಷ್ಟೇ ಕಂಡವರಂತೆ ನೋಡಿದರು. ಆಮೇಲೆ ಬಟ್ಟಲನ್ನು ಮೇಜಿನ ಮೇಲೆ ಇಟ್ಟರು. ತಾವು ಯಾವ ಜಾಗದಲ್ಲಿ ಇಷ್ಟು ವರ್ಷ ಕೂತಿದ್ದರೋ ಅದೇ ಜಾಗದಲ್ಲಿ ನನ್ನನ್ನು ಕೂರಿಸಿದ್ದಾರೆಂಬುದು ಅವರಿಗೆ ಆ ಕ್ಷಣ ಹೊಳೆದಿರಬೇಕು. ನನಗಂತೂ ಹೊಳೆಯಿತು.

ಅಲ್ಲಿಂದ ಬಸ್ಸು ಹತ್ತಿದವಳು ಮನೆಯ ನಿಲ್ದಾಣದಲ್ಲಿ ಇಳಿಯಲಿಲ್ಲ. ಪೊಲೀಸ್ ಠಾಣೆಯಲ್ಲಿ ಅದೇ ಅಧಿಕಾರಿ ಸಿಕ್ಕಳು. ಗ್ರಿಲ್, ಒಂದು ಲೋಟ ನೀರು, ಕಾಗದದ ಚೀಲ, ಶವರ್ ಕ್ಯಾಪ್, ಮಗಳ ಕೂಗು, ನಾನು ಕೊಟ್ಟ ಉತ್ತರ, ಎಲ್ಲ ಹೇಳಿದೆ. ಶವರ್ ಕ್ಯಾಪಿನ ವಿಷಯವನ್ನು ಎರಡು ಸಲ ವಿವರಿಸಬೇಕಾಯಿತು. ಈಗ ಬಂದು ಯಾಕೆ ಹೇಳುತ್ತಿದ್ದೀರಿ ಎಂದಳು. ನಿದ್ದೆ ಬರುತ್ತಿಲ್ಲ ಎಂದೆ. ಅವಳು ಅದನ್ನೂ ಟೈಪ್ ಮಾಡಿಕೊಂಡಳು.

ಕೇಸು ನನ್ನ ಮೇಲೆ ಬಂತು, ದಂಡ ಬಿತ್ತು, ನಮ್ಮ ಅರ್ಜಿಯನ್ನು ಬದಿಗಿಟ್ಟರು. ಇದನ್ನು ಬರೆಯುವಾಗಲೂ ಅದು ಅಲ್ಲೇ ಇದೆ. ಗಂಡ ನಾಲ್ಕು ದಿನ ನನ್ನ ಜೊತೆ ಸರಿಯಾಗಿ ಮಾತಾಡಲಿಲ್ಲ. ಐದನೆಯ ದಿನ ಫೋನಿನಲ್ಲಿ, "ಆಯ್ತು ಬಿಡು. ಹೋಗು ಅಂದ್ರೆ ಹೋಗೋಣ. ಅಲ್ಲೇನ್ ಮನೆಯಿಲ್ವಾ?" ಎಂದರು. ಸುಳ್ಳು ಹೇಳಿಕೆ ಕೊಟ್ಟದ್ದಕ್ಕೆ ಎಂ.ಪಿ. ತಾತನಿಗೆ ಅಧಿಕಾರಿ ಕಟುವಾಗಿಯೇ ಬೈದಳಂತೆ, ಆದರೆ ವಿಭಾಗದವರು ಅವಧಿ ಮೊಟಕು ಮಾಡಲಿಲ್ಲ. ಅವರಿಂದ ಮಾತ್ರ ಆಗ ಒಂದು ಸುದ್ದಿಯೂ ಬರಲಿಲ್ಲ. ಅವರ ತ್ಯಾಗವನ್ನು ಅವರ ಕೈಯಿಂದಲೇ ಕಿತ್ತುಕೊಂಡೆ, ಇನ್ನು ನನ್ನ ಮುಖ ನೋಡುವುದಿಲ್ಲ ಎಂದುಕೊಂಡೆ. ನಿದ್ದೆಯೂ ಬರಲಿಲ್ಲ. ಸತ್ಯ ಹೇಳಿದ ರಾತ್ರಿ ಬರುತ್ತದೆಂದು ನಂಬಿದ್ದೆ… ಬರಲಿಲ್ಲ. ಅಕ್ಟೋಬರ್ ಪೂರ್ತಿ ಎದ್ದು ಒಲೆ ಮುಟ್ಟುತ್ತಲೇ ಇದ್ದೆ.

ಈ ವರ್ಷ ಜೂನಿನಲ್ಲಿ ಅವರು ಜಪಾನಿಗೆ ಮರಳಿದರು. ಹೋಗುವ ಮುಂಚೆ, ಊರಿಗೆ ಹೋದವನೇ ಪೋಸ್ಟ್ ಮಾಸ್ಟರ ಮಗನ ಮನೆಗೆ ಹೋಗಿ ಬಾಗಿಲು ತಟ್ಟುತ್ತೇನೆ, ಎಲ್ಲ ಹೇಳುತ್ತೇನೆ ಎಂದಿದ್ದರು. ಕಳೆದ ತಿಂಗಳು ರಾಜ್ಯಶಾಸ್ತ್ರ ವಿಭಾಗದಿಂದ ಒಂದು ಮೇಲ್ ಬಂತು. ಅವರು ಹೃದಯಾಘಾತದಿಂದ ತೀರಿಕೊಂಡಿದ್ದಾರೆ, ಅಂತ್ಯಕ್ರಿಯೆಗೆ ಊರಿನ ಹಲವರು ಬಂದಿದ್ದರು, ಎಂದಷ್ಟೇ. ಬಾಗಿಲು ತಟ್ಟಿದರೋ ಇಲ್ಲವೋ, ಅದರಲ್ಲಿ ಇರಲಿಲ್ಲ. ಕೇಳಲು ನನಗೆ ಅಲ್ಲಿ ಯಾರೂ ಗೊತ್ತಿಲ್ಲ. ಮಗಳಿಗೆ ಹೇಳಿದೆ. ಅವಳು, "ಹಾಗಾದ್ರೆ ಪೀಪ್ ಅಂದಾಗ ಯಾರು ಗಾಳಿ ಹಾಕ್ತಾರೆ?" ಎಂದು ಕೇಳಿದಳು.

ಅವಳು ಕೇಳಿದ್ದು ಕಳೆದ ವರ್ಷದ ನವೆಂಬರಿನ ಒಂದು ಭಾನುವಾರದ ವಿಷಯ. ಅಂದು ಮಧ್ಯಾಹ್ನ ತಾತ್ಕಾಲಿಕ ಮನೆಯ ಬಾಗಿಲನ್ನು ಯಾರೋ ತಟ್ಟಿದರು. ಕರೆಗಂಟೆ ಇದ್ದೂ ತಟ್ಟಿದರು, ಮೂರು ಸಲ, ಗಟ್ಟಿಯಾಗಿ. ತೆರೆದರೆ ಎಂ.ಪಿ. ತಾತ. ತಲೆಯ ಮೇಲೆ ಹಿಮ, ಕೈಯಲ್ಲಿ ಎರಡು ಬದನೆಕಾಯಿ.

"ತಟ್ಟುವುದನ್ನು ಅಭ್ಯಾಸ ಮಾಡುತ್ತಿದ್ದೇನೆ" ಎಂದರು.

ಬದನೆಕಾಯಿಯನ್ನು ಓವನ್ನಿನಲ್ಲಿ ಬೇಯಿಸಿದೆವು, ಸುಟ್ಟ ರುಚಿ ಬರದಿದ್ದರೆ ಬೇಡ ಎಂದು. ಒಗ್ಗರಣೆಗೆ ಎಣ್ಣೆ ಇಟ್ಟಾಗ ನನ್ನ ಕೈ ತಾನಾಗಿ ಕುರ್ಚಿಯ ಕಡೆ ಹೋಯಿತು. ಅಲ್ಲೇ ನಿಂತಿತು. ಅವರು ನೋಡಿದರು. ಸಾಸಿವೆ ಸಿಡಿಯಿತು, ಅಲಾರ್ಮು ಕಿರುಚಿತು. ಮಗಳು ಎರಡೂ ಕಿವಿ ಮುಚ್ಚಿಕೊಂಡು ಕುಣಿದಳು. ಎಂ.ಪಿ. ತಾತ ಜೇಬಿನಿಂದ ಆ ಕೈಗವಸು ತೆಗೆದು, ಅಲಾರ್ಮಿನ ಕೆಳಗೆ ನಿಂತು, ವ್ಯಾನಿನ ಕಿಟಕಿಯಿಂದ ಜನರಿಗೆ ಬೀಸಿದಂತೆ ಸೂರಿಗೆ ಬೀಸತೊಡಗಿದರು. "ದಯವಿಟ್ಟು, ದಯವಿಟ್ಟು" ಎಂದು ಅಲಾರ್ಮಿಗೆ ಬೇಡಿಕೊಂಡರು. ಕೈಗವಸಿನೊಳಗಿಂದ ಮಡಚಿದ ಪ್ಲಾಸ್ಟಿಕ್ಕು ಜಾರಿ ನೆಲಕ್ಕೆ ಬಿತ್ತು. ನಮ್ಮ ಶವರ್ ಕ್ಯಾಪ್. ಎರಡು ತಿಂಗಳು ಅದನ್ನು ಬಚ್ಚಿಟ್ಟುಕೊಂಡಿದ್ದರು. ನಾನು ಅದನ್ನೆತ್ತಿ ಕಸದ ಡಬ್ಬಕ್ಕೆ ಹಾಕಿದೆ. ಪ್ಲಾಸ್ಟಿಕ್ಕಿನದಕ್ಕೆ.

ಪಕ್ಕದ ಮನೆಯವರು ಬಂದು ಏನಾಯಿತು ಎಂದು ಕೇಳಿದರು. "ಒಗ್ಗರಣೆ" ಎಂದಳು ನನ್ನ ಮಗಳು, ಕನ್ನಡದಲ್ಲೇ.

ಊಟ ಮುಗಿಸಿ ಅವರು ಹೊರಟಾಗ ಸಂಜೆ ಐದು. ಕೈಗವಸನ್ನು ಮೇಜಿನ ಮೇಲೇ ಬಿಟ್ಟುಹೋಗಿದ್ದರು, ಮರೆತೋ, ಬೇಕೆಂತಲೋ. ಪಾತ್ರೆ ತೊಳೆದು, ಮಗಳನ್ನು ಮಲಗಿಸಲು ಅವಳ ಪಕ್ಕ ಒಂದು ಗಳಿಗೆ ಒರಗಿದೆ. ಒಲೆ ನೋಡಲಿಲ್ಲ, ಪ್ಲಗ್ಗು ಕೀಳಲಿಲ್ಲ. ಕಣ್ಣು ಬಿಟ್ಟಾಗ ಕಿಟಕಿಯಲ್ಲಿ ಬೆಳಕಿತ್ತು. ಮಗಳು ಶಿಶುವಿಹಾರಕ್ಕೆ ಹೊತ್ತಾಯಿತೆಂದು ನನ್ನ ರೆಪ್ಪೆ ಎಳೆದು ನೋಡುತ್ತಿದ್ದಳು. ಎಂಟೂಕಾಲು.